ಮೂರು ಬೀಗದ ಸಂದೂಕ

ನನ್ನ ಕೆಲಸದ ಕರಾರಿನ ಜೊತೆ ಇನ್ನೊಂದು ಹಾಳೆ ಇತ್ತು. ಅದಕ್ಕೆ ಬೇರೆ ಸಹಿ. ನಾಲ್ಕೇ ಸಾಲು. ಫೋಟೋ ತೆಗೆಯಬಾರದು. ಯಾರ ಹೆಸರನ್ನೂ ಎಲ್ಲೂ ಬರೆಯಬಾರದು. ಕೈಲಾಗದ ಭರವಸೆ ಕೊಡಬಾರದು. ಯಾವ ಹೆಂಗಸಿಗೂ ‘ನಿಮಗೆ ಏನಾಯ್ತು’ ಅಂತ ಕೇಳಬಾರದು.

ಇದೇನು ಮಹಾ ಶರತ್ತು, ನಾನೇನು ಪತ್ರಕರ್ತೆಯಾ ಅಂದುಕೊಂಡು ಸಹಿ ಹಾಕಿದೆ. ಆ ನಾಲ್ಕನೇ ಸಾಲು ಎಷ್ಟು ಕಷ್ಟದ್ದು ಅಂತ ಗೊತ್ತಾಗಿದ್ದು ಅಲ್ಲಿಗೆ ಹೋದ ಮೇಲೆ.

ನಾನು ಕೊಪ್ಪಳ ಜಿಲ್ಲೆಯವಳು. ಹನ್ನೊಂದು ವರ್ಷ ಮಹಿಳಾ ಸ್ವಸಹಾಯ ಸಂಘಗಳ ಜೊತೆ ಕೆಲಸ ಮಾಡಿದ್ದೆ. ಸಂಘ ಅನ್ನೋದು ನಮಗೆ ಹೊಸದಲ್ಲ. 1980ರ ದಶಕದಲ್ಲೇ ಮೈರಾಡ ಅನ್ನೋ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಗುಂಪು ಕಟ್ಟಿತ್ತು, 1992ರಲ್ಲಿ ನಬಾರ್ಡ್ ಅವನ್ನು ಬ್ಯಾಂಕಿಗೆ ಜೋಡಿಸೋಕೆ ಶುರು ಮಾಡಿತು, 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ನಮ್ಮವ್ವ ಊರಿನ ಮೊದಲ ಸ್ತ್ರೀಶಕ್ತಿ ಸಂಘದಲ್ಲಿ ಇದ್ದವಳು. ವಾರಕ್ಕೆ ಹತ್ತು ರೂಪಾಯಿ ಕಟ್ಟಿ ನನಗೆ ಡಿಗ್ರಿ ಮಾಡಿಸಿದಳು. ಹಾಗಾಗಿ 2018ರ ಫೆಬ್ರವರಿಯಲ್ಲಿ ‘ಯುದ್ಧದಿಂದ ನೊಂದ ಹೆಂಗಸರ ಉಳಿತಾಯ ಗುಂಪು ಕಟ್ಟಬೇಕು, ಒಂದು ವರ್ಷ, ಕಾಂಗೋ’ ಅಂತ ಕೆಲಸ ಸಿಕ್ಕಾಗ, ಇದನ್ನು ನನಗಿಂತ ಚೆನ್ನಾಗಿ ಯಾರು ಮಾಡ್ತಾರೆ ಅನ್ನೋ ಸೊಕ್ಕು ನನಗೆ ಇತ್ತು.

ಅವ್ವ ಕೇಳಿದ್ದು ಒಂದೇ ಪ್ರಶ್ನೆ. “ಅಲ್ಲಿ ಹೆಣಮಕ್ಕಳು ದುಡ್ಡು ಎಲ್ಲಿ ಬಚ್ಚಿಡ್ತಾರ?”

ನನಗೆ ಗೊತ್ತಿರಲಿಲ್ಲ.

ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಮುಂಬೈಯಿಂದ ರುವಾಂಡದ ಕಿಗಾಲಿಗೆ ಹೋದೆ. ಅಲ್ಲಿಂದ ರಸ್ತೆ, ನ್ಯುಂಗ್ವೆ ಕಾಡಿನ ಮಧ್ಯೆ. ರುಝೀಝಿ ನದಿಯ ಸೇತುವೆ ದಾಟಿದರೆ ಕಾಂಗೋದ ಬುಕಾವು, ದಕ್ಷಿಣ ಕಿವು ಪ್ರಾಂತ್ಯದ ರಾಜಧಾನಿ. ಕಿವು ಸರೋವರದ ದಂಡೆ, ಸುತ್ತಲೂ ಹಸಿರು ಗುಡ್ಡ. ನೋಡಿದರೆ ಚಿಕ್ಕಮಗಳೂರು ಕಡೆ ಬಂದ ಹಾಗೆ ಅನ್ನಿಸುತ್ತೆ. ಆದರೆ ಗುಡ್ಡದ ಮೇಲೆ ಒಂದಕ್ಕೊಂದು ಅಂಟಿಕೊಂಡ ಮನೆಗಳು ನೋಡಿದಾಗ ಹಳ್ಳಿ ಬಿಟ್ಟು ಓಡಿಬಂದವರು ಎಷ್ಟು ಮಂದಿ ಅಂತ ಹೊಳೆಯುತ್ತೆ.

ಯುದ್ಧದ ಕಥೆ ಪೂರ್ತಿ ಹೇಳಲು ಇಲ್ಲಿ ಆಗದು. 1994ರಲ್ಲಿ ರುವಾಂಡದ ನರಮೇಧ, ಅದರ ಹಿಂದೆಯೇ ಗಡಿ ದಾಟಿದ ಲಕ್ಷಾಂತರ ಜನ ಮತ್ತು ಬಂದೂಕು. 1996ರಲ್ಲಿ ಒಂದು ಯುದ್ಧ, 1998ರಲ್ಲಿ ಇನ್ನೊಂದು. ಕಾಗದದ ಮೇಲೆ ಯುದ್ಧ ಮುಗಿದರೂ ಚಿನ್ನ, ತವರ, ಕೋಲ್ಟಾನ್ (ಮೊಬೈಲಿಗೆ ಬಳಸುವ ಅದಿರು) ಇರುವ ಗುಡ್ಡಗಳಲ್ಲಿ ಒಂದಲ್ಲ ಒಂದು ಗುಂಪು ಉಳಿದೇ ಉಳಿಯಿತು. ಊರು ಖಾಲಿ ಮಾಡಿಸಬೇಕು ಅಂದರೆ ಹೆಂಗಸರ ಮೇಲೆ ಕೈಮಾಡು, ಅದೂ ಮನೆಯವರ ಕಣ್ಣೆದುರು. ಅದು ಅಲ್ಲಿ ಯುದ್ಧದ ಒಂದು ಆಯುಧವೇ ಆಗಿತ್ತು. ಬುಕಾವುದಲ್ಲಿ ಡಾ. ಡೆನಿಸ್ ಮುಕ್ವೇಗೆ 1999ರಲ್ಲಿ ಪಾಂಝಿ ಆಸ್ಪತ್ರೆ ಶುರು ಮಾಡಿದ್ದು ಹೆರಿಗೆಗೆ ಅಂತ. ಆದರೆ ಮೊದಲು ಬಂದದ್ದು ಗುಂಡೇಟಿನ ಜೊತೆ ಅತ್ಯಾಚಾರಕ್ಕೆ ಒಳಗಾದ ಹೆಂಗಸು. ಆಮೇಲೆ ಹತ್ತಾರು ಸಾವಿರ ಮಂದಿ ಬಂದರು. ಅಲ್ಲಿ ಈಗ ಬರೀ ಶಸ್ತ್ರಚಿಕಿತ್ಸೆ ಅಲ್ಲ. ಮನಸ್ಸಿನ ಆರೈಕೆ, ವಕೀಲರ ನೆರವು, ಆಮೇಲೆ ಬದುಕು ಕಟ್ಟಿಕೊಳ್ಳಲು ಒಂದು ಕಸುಬು, ನಾಲ್ಕೂ ಒಟ್ಟಿಗೆ ಇವೆ. ನಮ್ಮ ಕೆಲಸ ಆ ನಾಲ್ಕನೆಯದಕ್ಕೆ ಸೇರಿದ್ದು. ನಾನಿದ್ದ ಸಂಸ್ಥೆ ಬೇರೆ, ಅದರ ಹೆಸರು ಇಲ್ಲಿ ಬೇಡ.

ಮೊದಲ ಎರಡು ವಾರ ತರಬೇತಿ. ಅದರಲ್ಲಿ ನನಗೆ ತಾಕಿದ್ದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಇದೇ ಪೂರ್ವ ಕಾಂಗೋದ 15 ಹಳ್ಳಿ, 405 ಹೆಂಗಸರು. ಕೆಲವು ಹಳ್ಳಿಗಳಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಸಮಾಧಾನ ಹೇಳಿದರು. ಉಳಿದ ಹಳ್ಳಿಗಳಲ್ಲಿ ಗುಂಪಿನಲ್ಲಿ ಕೂರಿಸಿ ಒಂದು ಕ್ರಮದ ಚಿಕಿತ್ಸೆ ಕೊಟ್ಟರು. ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ತರಬೇತಿ ಪಡೆದ ಅಲ್ಲಿನದೇ ಹೆಂಗಸರು. ಮುಗಿದು ಆರು ತಿಂಗಳ ಮೇಲೆ ನೋಡಿದರೆ ಮೊದಲ ಕಡೆ 42% ಹೆಂಗಸರಲ್ಲಿ ಇನ್ನೂ ಖಿನ್ನತೆ, ಆತಂಕದ ಲಕ್ಷಣ ಉಳಿದಿತ್ತು. ಗುಂಪಿನವರಲ್ಲಿ 9%. ಈ ಲೆಕ್ಕ ನೋಡಿ ನನ್ನ ಸೊಕ್ಕು ಇನ್ನೂ ಜಾಸ್ತಿಯಾಯಿತು. ಗುಂಪು ಕಟ್ಟೋದು ತಾನೇ ನನ್ನ ಕೆಲಸ!

ಆದರೆ ಅಲ್ಲಿನ ಉಳಿತಾಯ ಗುಂಪು ನಮ್ಮ ಸಂಘದ ಹಾಗಲ್ಲ. 1991ರಲ್ಲಿ ನೈಜರ್ ದೇಶದ ಹಳ್ಳಿಗಳಲ್ಲಿ ಶುರುವಾದ ಪದ್ಧತಿ ಅದು, ಆಮೇಲೆ ಆಫ್ರಿಕಾ ತುಂಬ ಹರಡಿತು. ಬ್ಯಾಂಕ್ ಇಲ್ಲ. ಲೆಡ್ಜರ್ ಇಲ್ಲದಿದ್ದರೂ ನಡೆಯುತ್ತೆ. ಒಂದು ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಮೂರು ಬೀಗ. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಮೂರು ಕೀಲಿ ಬೇರೆ ಮೂವರ ಹತ್ತಿರ. ವಾರಕ್ಕೊಮ್ಮೆ ಎಲ್ಲರೂ ಕೂತಾಗ ಮಾತ್ರ ತೆರೆಯುತ್ತೆ. ಒಬ್ಬೊಬ್ಬರು ಒಂದರಿಂದ ಐದು ಪಾಲು ಕೊಳ್ಳಬಹುದು. ಕೊಂಡಷ್ಟು ಪಾಲಿಗೆ ಪಾಸ್‌ಬುಕ್ಕಿನಲ್ಲಿ ಅಷ್ಟು ಮುದ್ರೆ. ಓದು ಬರಹ ಬಾರದಿದ್ದರೂ ಮುದ್ರೆ ಎಣಿಸಲು ಬರುತ್ತಲ್ಲ. ಒಂಬತ್ತು ಹತ್ತು ತಿಂಗಳಾದ ಮೇಲೆ ಪೆಟ್ಟಿಗೆ ಪೂರ್ತಿ ಖಾಲಿ ಮಾಡಿ ಹಂಚಿಕೊಂಡು, ಮತ್ತೆ ಸೊನ್ನೆಯಿಂದ ಶುರು.

ಸ್ವಾಹಿಲಿಯಲ್ಲಿ ಪೆಟ್ಟಿಗೆಗೆ ‘ಸಂಡೂಕು’ ಅಂತಾರೆ. ನಮ್ಮ ಕಡೆ ಸಂದೂಕ! ಆ ಶಬ್ದ ಕೇಳಿ ನಾನು ನಕ್ಕಿದ್ದು ನೋಡಿ ಎಲ್ಲರೂ ನಕ್ಕರು. ಹಿಸಾಬಿಗೆ ಹೆಸಾಬು, ದುಕಾನಿಗೆ ದುಕಾ. ಅರಬರ ದೋಣಿ ಎಷ್ಟು ದೂರ ಹೋಗಿತ್ತು ನೋಡಿ. ನನ್ನನ್ನು ಮಾತ್ರ ಎಲ್ಲರೂ ‘ದಾದಾ’ ಅಂತ ಕರೆಯೋರು. ಅಂದರೆ ಅಕ್ಕ. ನಮ್ಮೂರಲ್ಲಿ ದಾದಾ ಅಂದರೆ ಯಾರು ಅಂತ ಅವರಿಗೆ ಹೇಳುವ ಧೈರ್ಯ ಬರಲಿಲ್ಲ.

ನಮ್ಮ ಗುಂಪು ವಾಲುಂಗು ಸೀಮೆಯ ಒಂದು ಹಳ್ಳಿಯಲ್ಲಿ. ಪ್ರತಿ ಗುರುವಾರ ಬೆಳಿಗ್ಗೆ, ಚರ್ಚಿನ ಪಕ್ಕ ಬೆಣ್ಣೆಹಣ್ಣಿನ ಮರದ ಕೆಳಗೆ, ಬೆಂಚುಗಳನ್ನು ದುಂಡಗೆ ಹಾಕಿಕೊಂಡು ಸಭೆ. 25 ಹೆಂಗಸರು. ಎಲ್ಲರೂ ದೌರ್ಜನ್ಯಕ್ಕೆ ಒಳಗಾದವರಲ್ಲ. ವಿಧವೆಯರು, ಗಂಡ ಗಣಿಗೆ ಹೋಗಿ ತಿರುಗಿ ಬಾರದವರು, ಸುಮ್ನೆ ಬಡವರು, ಎಲ್ಲ ಕಲಸಿ ಸೇರಿಸಿದ್ದರು. ಬೇಕಂತಲೇ. ‘ಅಂಥವರ’ ಗುಂಪು ಅಂತ ಊರು ಬೆರಳು ತೋರಿಸಬಾರದು ನೋಡಿ. ಯಾರಿಗೆ ಏನಾಗಿದೆ ಅಂತ ನನಗೂ ಗೊತ್ತಾಗುವ ಹಾಗಿರಲಿಲ್ಲ.

ಮೊದಲ ಎಡವಟ್ಟು ದುಭಾಷಿಯದ್ದು. ಹೆಂಗಸರ ಮಾತು ಮಾಶಿ ಭಾಷೆ. ನನಗೆ ಕೊಟ್ಟ ದುಭಾಷಿ ಇಪ್ಪತ್ತೈದರ ಹುಡುಗ, ಒಳ್ಳೆಯವನು, ಚುರುಕು. ಎರಡು ಗುರುವಾರ ಯಾರೂ ತುಟಿ ಬಿಚ್ಚಲಿಲ್ಲ. ಮೂರನೇ ವಾರ ನಮ್ಮ ಸೂಪರ್‌ವೈಸರ್ ಮಾಮಾ, ಐವತ್ತು ದಾಟಿದ ಕಾಂಗೋದ ಹೆಂಗಸು (ಅಲ್ಲಿ ಮಾಮಾ ಅಂದರೆ ಅಮ್ಮ), ಒಬ್ಬ ಟೀಚರಮ್ಮನನ್ನು ಕರೆತಂದರು. ಅವತ್ತು ಗುಲ್ಲೋ ಗುಲ್ಲು. ಇದನ್ನು ಮೊದಲೇ ಯೋಚಿಸಬೇಕಿತ್ತು, ಅಲ್ವಾ? ನಾನೂ ಹೆಂಗಸೇ, ನನಗೂ ಹೊಳೆದಿರಲಿಲ್ಲ.

ಎರಡನೇ ಎಡವಟ್ಟು ಪೂರ್ತಿ ನನ್ನದು. ನಾನು ನಮ್ಮೂರಿನ ಅಭ್ಯಾಸದಲ್ಲಿ ನಡಾವಳಿ ಪುಸ್ತಕ, ಸಹಿ, ಬ್ಯಾಂಕ್ ಖಾತೆ ಅಂತ ಶುರು ಮಾಡಿದೆ. ಬ್ಯಾಂಕ್ ಇಲ್ಲದ ಸಂಘ ಒಂದು ಸಂಘವಾ ಅನ್ನೋದು ನನ್ನ ತಲೆಯಲ್ಲಿ. ಸೂಪರ್‌ವೈಸರ್ ಮಾಮಾ ಸಭೆಯಲ್ಲಿ ಏನೂ ಅನ್ನಲಿಲ್ಲ. ಜೀಪಿನಲ್ಲಿ ವಾಪಸ್ ಬರುವಾಗ ಹೇಳಿದರು: “ದಾದಾ, ಇವರಲ್ಲಿ ಅರ್ಧ ಜನ ತಮ್ಮ ಹೆಸರನ್ನು ಒಂದು ಕಾಗದದ ಮೇಲೆ ಕೊಟ್ಟು, ಅದು ಯಾರ್ಯಾರ ಕೈಗೋ ಹೋಗಿ, ಊರಿಗೆಲ್ಲ ಗೊತ್ತಾಗಿ ಸಾಕಾಗಿದ್ದಾರೆ. ಮತ್ತೆ ಕಾಗದ ಬೇಡ.” ಅವತ್ತಿನಿಂದ ಹೆಸರು ಹೋಯಿತು. ಪಾಸ್‌ಬುಕ್ಕಿನ ಮೇಲೆ ಬರೀ ನಂಬರ್, ಕೂರುವ ಜಾಗದ ನಂಬರ್. ನಾನಿಲ್ಲಿ ನಂಬರ್ ಬರೆಯೋದೂ ಅದಕ್ಕೇ. ಸಭೆಯಲ್ಲಿ ಮಾತ್ರ ಯಾರೂ ಯಾರನ್ನೂ ನಂಬರಿನಿಂದ ಕರೆಯಲಿಲ್ಲ. ಅಲ್ಲಿ ಎಲ್ಲ ಹೆಂಗಸರೂ ಮಾಮಾ. ಅಧ್ಯಕ್ಷೆ ‘ಮಾಮಾ ಪ್ರೆಸಿಡಾಂತ್’.

ಪಾಲಿನ ಬೆಲೆ 500 ಕಾಂಗೋ ಫ್ರಾಂಕ್ ಅಂತ ಅವರೇ ಇಟ್ಟುಕೊಂಡರು. ಆಗಿನ ಲೆಕ್ಕದಲ್ಲಿ ನಮ್ಮ ಇಪ್ಪತ್ತು ರೂಪಾಯಿ ಚಿಲ್ಲರೆ. ಗುರುವಾರದ ಕ್ರಮ ಹೀಗೆ. ಮೂವರು ಬಂದು ಒಂದೊಂದು ಬೀಗ ತೆಗೆಯುತ್ತಾರೆ. ಒಂದನೇ ನಂಬರಿನಿಂದ ಒಬ್ಬೊಬ್ಬರೇ ಎದ್ದು ಬಂದು, ಪ್ಲಾಸ್ಟಿಕ್ ಬೋಗುಣಿಗೆ ದುಡ್ಡು ಹಾಕಿ, ಎಷ್ಟು ಪಾಲು ಅಂತ ಗಟ್ಟಿಯಾಗಿ ಹೇಳಬೇಕು. ಎಣಿಸುವ ಇಬ್ಬರೂ ಗಟ್ಟಿಯಾಗಿ ಎಣಿಸಬೇಕು. ಕೊನೆಗೆ ‘ಪೆಟ್ಟಿಗೆಯಲ್ಲಿ ಇಷ್ಟಿದೆ’ ಅಂತ ಎಲ್ಲರೂ ಒಟ್ಟಿಗೆ ಹೇಳಿ ನೆನಪಿಟ್ಟುಕೊಳ್ಳಬೇಕು. ಮುಂದಿನ ವಾರ ತೆರೆಯುವ ಮೊದಲು ಮತ್ತೆ ಅದೇ ಸಂಖ್ಯೆ. ಶಾಲೆ ಮುಖ ನೋಡದ ಅಜ್ಜಿಯೊಬ್ಬರು ಒಂದು ವಾರವೂ ತಪ್ಪಿಲ್ಲ. ನಾನು ಎರಡು ಸಲ ತಪ್ಪಿದೆ, ಒಂದೊಂದು ಸಲಕ್ಕೂ ದಂಡ ಕಟ್ಟಿಸಿಕೊಂಡರು.

7ನೇ ನಂಬರಿನವಳು ಮಾತ್ರ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಬೆರಳು ತೋರಿಸೋಳು. ಪ್ರತಿ ವಾರ ಒಂದೇ ಬೆರಳು, ಒಂದೇ ಪಾಲು. ಹಣೆಗೆ ಪಟ್ಟಿ ಕಟ್ಟಿ ಬೆನ್ನ ಮೇಲೆ ಹೊರೆ ಹೊರುವ ಕೆಲಸ ಅವಳದು. ಇದ್ದಿಲು, ಮರಗೆಣಸಿನ ಹಿಟ್ಟು, ಏನಾದರೂ ಸರಿ. ಹಣೆಯಲ್ಲಿ ಆ ಪಟ್ಟಿಯ ಕಲೆ ಅಳಿಸದ ಹಾಗೆ ಕೂತಿತ್ತು. ಅವಳನ್ನು ಒಂದು ಮಾತು ಕೇಳಬೇಕು ಅಂತ ನನಗೆ ಎಷ್ಟು ಸಲ ಬಾಯಿಗೆ ಬಂದಿದೆಯೋ. ಆ ನಾಲ್ಕನೇ ಸಾಲು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಕೇಳಬೇಕು ಅನ್ನಿಸಿದ್ದು ಅವಳ ಒಳ್ಳೆಯದಕ್ಕಾ, ನನ್ನ ಕುತೂಹಲಕ್ಕಾ? ಈಗ ಯೋಚಿಸಿದರೆ ಎರಡನೆಯದೇ ಜಾಸ್ತಿ ಇತ್ತು.

ಏಳನೇ ವಾರ ಇನ್ನೊಂದು ನಿಧಿಯ ಚರ್ಚೆ ಬಂತು. ಪಾಲಿನ ದುಡ್ಡಿನ ಜೊತೆ ಎಲ್ಲರೂ ಸಮವಾಗಿ ನೂರು ಫ್ರಾಂಕ್ ಕಟ್ಟುವ ಕಷ್ಟ ನಿಧಿ. ಸಾವು, ಕಾಯಿಲೆ, ಹೆರಿಗೆಗೆ. ಮಾಮಾ ಪ್ರೆಸಿಡಾಂತ್ ಕೇಳಿದರು, ಇನ್ಯಾವುದಕ್ಕೆ ಕೊಡೋಣ? ಸ್ವಲ್ಪ ಹೊತ್ತು ಸುಮ್ಮನಿದ್ದು ಒಬ್ಬರು ಅಂದರು: “ಮೋಟೋಗೆ.”

ಮೋಟೋ ಅಂದರೆ ಬೈಕ್ ಟ್ಯಾಕ್ಸಿ. ನನಗೆ ಅರ್ಥವಾಗಲಿಲ್ಲ. ಸೂಪರ್‌ವೈಸರ್ ಮಾಮಾ ಮೆಲ್ಲಗೆ ಬಿಡಿಸಿ ಹೇಳಿದರು. ಅತ್ಯಾಚಾರ ಆದರೆ 72 ಗಂಟೆಯ ಒಳಗೆ ಆಸ್ಪತ್ರೆ ಮುಟ್ಟಬೇಕು. ಎಚ್‌ಐವಿ ತಡೆಯುವ ಮಾತ್ರೆ ಆಮೇಲೆ ಶುರು ಮಾಡಿದರೆ ಪ್ರಯೋಜನ ಇಲ್ಲ. ಬಸಿರು ತಡೆಯುವ ಮಾತ್ರೆಗೆ ಐದು ದಿನದ ತನಕ ಸಮಯ, ಬೇಗ ಆದಷ್ಟೂ ಒಳ್ಳೆಯದು. ಮಾತ್ರೆ ಆಸ್ಪತ್ರೆಯಲ್ಲಿ ಬಿಟ್ಟಿ. ಆದರೆ ಅಲ್ಲಿಗೆ ಹೋಗಲು ಮೋಟೋದವನಿಗೆ ದುಡ್ಡು ಯಾರು ಕೊಡ್ತಾರೆ? ಗಂಡನನ್ನು ಕೇಳಿದರೆ ಯಾಕೆ ಅಂತಾನೆ. ಪಕ್ಕದ ಮನೆಯಲ್ಲಿ ಕೇಳಿದರೆ ಊರಿಗೆಲ್ಲ ಸುದ್ದಿ. ಎಷ್ಟೋ ಜನರ 72 ಗಂಟೆ ಕಳೆದುಹೋಗೋದು ಈ ಮೋಟೋ ದುಡ್ಡಿನ ಮುಂದೆ.

ಸರಿ, ಮೋಟೋ ದುಡ್ಡು ಕಷ್ಟ ನಿಧಿಯಿಂದ, ಕಾರಣ ಕೇಳುವ ಹಾಗಿಲ್ಲ ಅಂತ ಒಪ್ಪಿದರು. ನಾನು ಖುಷಿಯಾಗಿ ಮುಂದಿನ ವಿಷಯಕ್ಕೆ ಹೋದೆ. ಆಗ 7ನೇ ನಂಬರಿನವಳು ಎದ್ದು ನಿಂತಳು. ಏಳು ವಾರದಲ್ಲಿ ಮೊದಲ ಸಲ ಅವಳ ದನಿ ಕೇಳಿದ್ದು.

“ರಾತ್ರಿ ಆದರೆ?” ಅಂದಳು. “ಮೂರು ಕೀಲಿ ಮೂರು ಗುಡ್ಡದಲ್ಲಿವೆ. ಯಾರು ಓಡಬೇಕು?”

ಯಾರೂ ಅವಳ ಮುಖ ನೋಡಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ನಾನು ಮಾತ್ರ ನೋಡುತ್ತಿದ್ದೆ, ಆಮೇಲೆ ನಾನೂ ನೆಲ ನೋಡಿದೆ.

ನನ್ನ ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿತ್ತು: ಗುಂಪಿನ ಒಂದು ಫ್ರಾಂಕ್ ಕೂಡ ಪೆಟ್ಟಿಗೆಯ ಹೊರಗಿರಬಾರದು. ಮೋಸ ಶುರುವಾಗೋದೇ ಅಲ್ಲಿ. ನಮ್ಮೂರಲ್ಲೂ ‘ನಾಳೆ ಇಡ್ತೀನಿ’ ಅಂತ ಹೊರಗಿಟ್ಟುಕೊಂಡ ದುಡ್ಡಿನಿಂದ ಒಡೆದುಹೋದ ಸಂಘ ನಾನೇ ನೋಡಿದ್ದೀನಿ. ಅದನ್ನೇ ಹೇಳಿದೆ. ಟೀಚರಮ್ಮ ಅನುವಾದ ಮಾಡಿದರು. ಮಾಮಾ ಪ್ರೆಸಿಡಾಂತ್ ಸಮಾಧಾನವಾಗಿ ಕೇಳಿಸಿಕೊಂಡು, ತಮ್ಮ ಕಿತೆಂಗೆಯ (ಅಲ್ಲಿನ ಹೆಂಗಸರು ಮೈಗೆ ಸುತ್ತಿಕೊಳ್ಳುವ ಬಟ್ಟೆ) ಸೆರಗಿನ ತುದಿ ಎತ್ತಿ, ಅಲ್ಲೊಂದು ಗಂಟು ಹಾಕಿ ತೋರಿಸಿದರು. ಮೋಟೋ ದುಡ್ಡು ಇಲ್ಲಿ. ಹೋಗಿ ಬರುವಷ್ಟು. ಪ್ರತಿ ಗುರುವಾರ ಗಂಟು ಬಿಚ್ಚಿ ಎಲ್ಲರೆದುರು ಎಣಿಸೋದು. ಕಡಿಮೆ ಇದ್ದರೆ ತುಂಬೋದು. ಯಾಕೆ ಕಡಿಮೆ ಅಂತ ಕೇಳೋ ಹಾಗಿಲ್ಲ.

ಅವ್ವನ ಪ್ರಶ್ನೆಗೆ ಉತ್ತರ ಸಿಕ್ಕಿತು. ಅವಳೂ ಜೋಳದ ಗಡಿಗೆಯಲ್ಲಿ ಇಡುವ ಮುಂಚೆ ದುಡ್ಡನ್ನು ಸೀರೆಯ ಸೆರಗಿಗೇ ಗಂಟು ಹಾಕಿಕೊಳ್ಳುತ್ತಿದ್ದಳು.

ಆ ಗಂಟು ನನಗೆ ಕಚೇರಿಯಲ್ಲಿ ತಂದ ತಲೆನೋವು ಹೇಳತೀರದು. ತಿಂಗಳ ವರದಿಯಲ್ಲಿ ‘ಪೆಟ್ಟಿಗೆಯ ಹೊರಗಿನ ನಗದು’ ಅಂತ ಬರೆದೆ. ಕೂಡಲೇ ಮೇಲ್ ಬಂತು. ಫಲಾನುಭವಿ ಯಾರು, ಉದ್ದೇಶ ಏನು, ರಸೀದಿ ಎಲ್ಲಿ? ಉದ್ದೇಶ ಕೇಳಬಾರದು ಅಂತ ನನ್ನಿಂದ ಸಹಿ ಹಾಕಿಸಿಕೊಂಡವರೂ ಇವರೇ! ಮೂರು ತಿಂಗಳು ಪತ್ರ ಹೋಯಿತು, ಬಂತು. ಕೊನೆಗೆ ‘ಸಾರಿಗೆ, ಗೌಪ್ಯ’ ಅಂತ ಒಂದು ಹೊಸ ಕಾಲಂ ಹುಟ್ಟಿತು. ನನ್ನ ಆ ವರ್ಷದ ಸಾಧನೆ ಏನು ಅಂತ ಯಾರಾದರೂ ಕೇಳಿದರೆ ಆ ಕಾಲಂ ತೋರಿಸ್ತೀನಿ.

ಒಂದು ಸೋಲೂ ಇದೆ. 13ನೇ ನಂಬರಿನವಳ ಗಂಡ ಜುಲೈಯಲ್ಲಿ ಸಭೆಗೇ ಬಂದ. ಪಾಸ್‌ಬುಕ್ ಕೊಡು ಅಂದ. ಆ ದೇಶದಲ್ಲಿ 2016ರಲ್ಲಿ ಕುಟುಂಬ ಕಾನೂನು ತಿದ್ದುವ ತನಕ ಮದುವೆಯಾದ ಹೆಂಗಸು ಕಾನೂನಿನ ವ್ಯವಹಾರ ಏನೇ ಮಾಡಿದರೂ ಗಂಡನ ಒಪ್ಪಿಗೆ ಬೇಕಿತ್ತು. ಕಾನೂನು ಬದಲಾಗಿ ಎರಡು ವರ್ಷವಾದರೂ ಆ ಸುದ್ದಿ ಗುಡ್ಡ ಹತ್ತಿರಲಿಲ್ಲ. ಮಾಮಾ ಪ್ರೆಸಿಡಾಂತ್ ಅವನನ್ನು ಬೆಂಚಿನ ಮೇಲೆ ಕೂರಿಸಿ ಅವತ್ತಿನ ದುಡ್ಡು ಎಣಿಸೋಕೆ ಹಚ್ಚಿದರು. ಎಣಿಸಿದ, ನಕ್ಕ, ಹೋದ. ನಾವೆಲ್ಲ ಗೆದ್ದೆವು ಅಂದುಕೊಂಡೆವು. ಮುಂದಿನ ಗುರುವಾರ 13ನೇ ಜಾಗ ಖಾಲಿ. ಅದರ ಮುಂದಿನ ವಾರ ಬಂದಳು, ಮುಖ ಊದಿತ್ತು, ತನ್ನ ಪಾಲು ವಾಪಸ್ ಕೇಳಿದಳು. ಕೊಟ್ಟೆವು. ಅಷ್ಟೇ ನಾವು ಮಾಡಲು ಆಗಿದ್ದು. ಆಮೇಲೆ ಗಂಡಸರ ಜೊತೆ ಮಾತುಕತೆ ಶುರು ಮಾಡಿದೆವು. ಮೊದಲ ದಿನ ಬಂದದ್ದು ಮೂವರು, ಇಬ್ಬರ ಬಾಯಲ್ಲಿ ಬಾಳೆಹಣ್ಣಿನ ಹೆಂಡದ ವಾಸನೆ. ಹೆಂಗಸರ ಕೈಗೆ ದುಡ್ಡು ಕೊಡುವ ಮುಂಚೆಯೇ ಮಾಡಬೇಕಾದ ಕೆಲಸ ಅದು. ನಾವು ಆಮೇಲೆ ಮಾಡಿದೆವು, ಬೆಲೆ ಅವಳು ಕೊಟ್ಟಳು.

ಅಕ್ಟೋಬರ್ 5, ಶುಕ್ರವಾರ. ಬುಕಾವುದ ಬೀದಿಯಲ್ಲಿ ಇದ್ದಕ್ಕಿದ್ದಂತೆ ಹಾರ್ನ್, ಹಾಡು, ಕೂಗು. ಡಾ. ಮುಕ್ವೇಗೆ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ, ಇರಾಕಿನ ಯಜೀದಿ ಹುಡುಗಿ ನಾದಿಯಾ ಮುರಾದ್ ಜೊತೆ. ಸುದ್ದಿ ಬಂದಾಗ ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿ ಇದ್ದರಂತೆ. ಮುಂದಿನ ಗುರುವಾರ ಸಭೆಯಲ್ಲಿ ನಾನು ದೊಡ್ಡ ವಿಷಯ ಅಂತ ಎತ್ತಿದೆ. ಮಾಮಾ ಪ್ರೆಸಿಡಾಂತ್ ಅಂದರು: “ಅವರ ವಿಮಾನದ ಟಿಕೆಟಿಗೆ ದುಡ್ಡು ಹಾಕಿದ್ದು ಹೆಂಗಸರು.” ಅದು ನಿಜವೇ. 2012ರಲ್ಲಿ ಮನೆಗೇ ಬಂದೂಕು ಹಿಡಿದು ಬಂದಾಗ ಡಾಕ್ಟರು ದೇಶ ಬಿಟ್ಟರು. ಸರೋವರದ ನಡುವಿನ ಇಜ್ವಿ ದ್ವೀಪದ ಹೆಂಗಸರು ಹಣ್ಣು ತರಕಾರಿ ಮಾರಿ ಅವರ ಟಿಕೆಟಿಗೆ ದುಡ್ಡು ಕೂಡಿಸಿದರು. 2013ರ ಜನವರಿಯಲ್ಲಿ ಡಾಕ್ಟರು ವಾಪಸ್ ಬಂದರು. ನೊಬೆಲ್ ಬಗ್ಗೆ ಆ ಸಭೆಯಲ್ಲಿ ನಡೆದ ಮಾತು ಇಷ್ಟೇ. ಆಮೇಲೆ ಸಾಲ ಯಾರಿಗೆ ಬೇಕು ಅಂತ ಶುರುವಾಯಿತು.

ಡಿಸೆಂಬರ್ ಮೊದಲ ವಾರ ಹಂಚಿಕೆ. ಎಲ್ಲರೂ ಇದ್ದಬದ್ದ ಒಳ್ಳೆಯ ಕಿತೆಂಗೆ ಉಟ್ಟು ಬಂದಿದ್ದರು. ಒಟ್ಟು ಪಾಲು 1,900. ಪೆಟ್ಟಿಗೆಯಲ್ಲಿ ಸಾಲದ ಬಡ್ಡಿಯೂ ಸೇರಿ 11 ಲಕ್ಷದ 40 ಸಾವಿರ ಫ್ರಾಂಕ್. ಅಂದರೆ 500 ಕಟ್ಟಿದ ಪಾಲು 600 ಆಗಿತ್ತು. ಕ್ಯಾಲ್ಕುಲೇಟರ್ ನನ್ನ ಕೈಯಲ್ಲಿತ್ತು. ನಾನು ಒತ್ತಿ ಮುಗಿಸುವ ಮೊದಲೇ ಆ ಅಜ್ಜಿ ಆರುನೂರು ಅಂದುಬಿಟ್ಟರು. 7ನೇ ನಂಬರಿನವಳ ಪಾಲು 61. ಆ ಏಳನೇ ವಾರ ಆದಮೇಲೆ ಅವಳು ಆಗಾಗ ಎರಡು ಬೆರಳು, ಒಮ್ಮೊಮ್ಮೆ ಮೂರು ಬೆರಳು ತೋರಿಸುತ್ತಿದ್ದಳು. 36,600 ಫ್ರಾಂಕ್, ನಮ್ಮ ಸಾವಿರದ ಆರುನೂರು ರೂಪಾಯಿ ಹತ್ತಿರ. ಫೀಸು ಕಟ್ಟದೆ ಶಾಲೆಯಿಂದ ಹೊರಗೆ ಹಾಕಿದ್ದ ಮಗಳ ಬಾಕಿ ತೀರಿಸಿ, ಉಳಿದದ್ದಕ್ಕೆ ಸಾಕಲು ಎರಡು ಗಿನಿ ಪಿಗ್ ತಂದಳು. ಅಲ್ಲಿ ಅದನ್ನು ಕೋಳಿ ಹಾಗೆ ಮನೆಯೊಳಗೇ ಸಾಕುತ್ತಾರೆ. ಬೇಗ ಮರಿ ಹಾಕುತ್ತೆ, ಸದ್ದಿಲ್ಲ. ಆಡು ಕಟ್ಟಿದರೆ ಬಂದೂಕಿನವರ ಕಣ್ಣಿಗೆ ಬೀಳುತ್ತೆ, ಇದು ಬೀಳಲ್ಲ ಅಂದಳು.

ಎರಡನೇ ಸುತ್ತಿಗೆ ಅಧಿಕಾರಿಗಳನ್ನು ಆರಿಸುವಾಗ ಒಂದು ಕೀಲಿ ಅವಳಿಗೆ ಬಂತು. ಕೀಲಿಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು.

ಡಿಸೆಂಬರ್ 30ರ ಚುನಾವಣೆಯ ಮರುದಿನ ಸರ್ಕಾರ ಇಂಟರ್‌ನೆಟ್ ಕಡಿದುಹಾಕಿತು. ಇಪ್ಪತ್ತು ದಿನ. ಅವ್ವ ಹುಲಿಗೆಮ್ಮನಿಗೆ ಹರಕೆ ಹೊತ್ತಳು. ನಾನು ಫೆಬ್ರವರಿಯಲ್ಲಿ ವಾಪಸ್ ಬಂದೆ. ಬಂದ ಮೇಲೆ ಇಲ್ಲಿ ಸಂಘಗಳ ಸಭೆಗೆ ಹೋದಾಗಲೆಲ್ಲ ನಾನು ಕೇಳುವ ಪ್ರಶ್ನೆ ಬದಲಾಯಿತು. ಖಾತೆಯಲ್ಲಿ ಎಷ್ಟಿದೆ ಅನ್ನೋದು ಆಮೇಲೆ. ಮಧ್ಯರಾತ್ರಿ ಮನೆಯಿಂದ ಹೊರಗೆ ಓಡಬೇಕಾದರೆ ಕೈಯಲ್ಲಿ ಎಷ್ಟಿದೆ? ನಮ್ಮಲ್ಲಿ ಬಂದೂಕು ಇಲ್ಲ ನಿಜ. ಆದರೆ ಆ ಪ್ರಶ್ನೆ ಕೇಳಿದಾಗ ನೆಲ ನೋಡುವವರು ಇಲ್ಲೂ ಇದ್ದಾರೆ.

2025ರ ಜನವರಿ ಕೊನೆಗೆ ಗೋಮಾ ನಗರ, ಫೆಬ್ರವರಿ ಮಧ್ಯದಲ್ಲಿ ಬುಕಾವು ಎಂ23 ಬಂಡುಕೋರರ ಕೈಗೆ ಹೋಯಿತು. ಬ್ಯಾಂಕುಗಳು ಬಾಗಿಲು ಹಾಕಿದವು. ಖಾತೆಯಲ್ಲಿ ದುಡ್ಡಿದ್ದವರೂ ಬರಿಗೈ. ನಾನು ಸೂಪರ್‌ವೈಸರ್ ಮಾಮಾಗೆ ಮೆಸೇಜ್ ಮೇಲೆ ಮೆಸೇಜ್ ಹಾಕಿದೆ. ಹನ್ನೊಂದು ದಿನವಾದ ಮೇಲೆ ಒಂದು ವಾಯ್ಸ್ ಮೆಸೇಜ್ ಬಂತು. ಹಿಂದೆ ಮಳೆಯ ಸದ್ದು. ಗುಂಡಿನ ಸದ್ದು ಹತ್ತಿರವಾದ ವಾರವೇ ಗುಂಪಿನವರು ಸೇರಿ ಪೆಟ್ಟಿಗೆ ಖಾಲಿ ಮಾಡಿ ಹಂಚಿಕೊಂಡರಂತೆ. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರಂತೆ. ಮೋಟೋ ಗಂಟು ಮಾತ್ರ ಹಂಚಲಿಲ್ಲವಂತೆ. ಮಾಮಾ ಪ್ರೆಸಿಡಾಂತ್ ಜೊತೆಗೇ ಹೋಯಿತಂತೆ.

“ಪೆಟ್ಟಿಗೆ ಹೂತಿದ್ದಾರೆ,” ಅಂದರು ಕೊನೆಗೆ. “ಬೀಗ ಹಾಕಿಯೇ ಹೂತಿದ್ದಾರೆ. ಕೀಲಿ ಮೂವರ ಹತ್ತಿರವೂ ಇದೆ.”

ಎಲ್ಲಿ ಅಂತ ನಾನು ಕೇಳಲಿಲ್ಲ.